ದಾಖಲಾತಿ ವಹಿಯೂ ಅಜ್ಜಿಯ ಮಾತೂ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ನಮ್ಮ ಶಾಲೆಯ ಪೂರ್ವದ ಸಂಗತಿಗಳನ್ನು ಕುರಿತು ನಾಲ್ಕು ಮಾತು ಬರೆಯೋಣವೆಂದು ನಾನು ಕಚೇರಿಯ ಕಪಾಟಿನಿಂದ ಹಳೆಯ ದಾಖಲಾತಿ ವಹಿಗಳನ್ನು ತೆಗೆಯಿಸಿದೆನು. ಒಂದೊಂದು ಸಾಲಿನಲ್ಲಿ ಒಬ್ಬೊಬ್ಬ ಬಾಲಿಕೆಯ ಹೆಸರು; ಅದರ ಮುಂದೆ ತಂದೆಯ ಹೆಸರು, ಊರು, ಹುಟ್ಟಿದ ತಾರೀಖು, ಧರ್ಮ, ಜಾತಿ, ಶಾಲೆಗೆ ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ತಾಲೂಕುಗಳ ಹಳ್ಳಿಗಳು ಆ ಹಾಳೆಗಳಲ್ಲಿದ್ದವು. ಬಿಟ್ಟ ಕಾರಣವೆಂಬ ಮನೆಯಲ್ಲಿ ಮದುವೆಯೆಂದೂ ಬಡತನವೆಂದೂ ಬರೆದ ಸಾಲುಗಳನ್ನು ಓದುತ್ತ ನಾನು ಮಧ್ಯಾಹ್ನದ ಗಂಟೆಯನ್ನೂ ಮರೆತೆನು.

ಅದೇ ವಾರದಲ್ಲಿ ಹತ್ತನೆಯ ತರಗತಿಗೆ ಎರಡನೆಯ ಮಹಾಯುದ್ಧದ ಪಾಠವು ನಡೆದಿತ್ತು. ಹಿಟ್ಲರನ ಆಳಿಕೆಯಲ್ಲಿ ಸುಮಾರು 60 ಲಕ್ಷ ಯೆಹೂದ್ಯರು ಕೊಲ್ಲಲ್ಪಟ್ಟರೆಂದೂ, ಅವರಲ್ಲಿ ಸುಮಾರು 15 ಲಕ್ಷ ಮಂದಿ ಮಕ್ಕಳೆಂದೂ ಹೇಳಿ ಮುಂದಕ್ಕೆ ಹೋಗಬೇಕೆಂದಿದ್ದಾಗ, ಹಿಂದಿನ ಹಲಗೆಯ ಮೇಲೆ ಕುಳಿತಿದ್ದ ಕುಷ್ಟಗಿ ಕಡೆಯ ಬಾಲಿಕೆಯೊಬ್ಬಳು ಎದ್ದು ನಿಂತು, "ಅಕ್ಕೋರ, ಯಾರು ಯೆಹೂದ್ಯರು ಅಂಬೋದು ಅವರಿಗೆ ಹ್ಯಾಂಗ ಗೊತ್ತಾತರಿ?" ಎಂದು ಕೇಳಿದಳು. ಪ್ರಶ್ನೆಯು ಸರಳವಾದುದು. ಆದರೆ ನನಗೆ ಕೂಡಲೆ ಉತ್ತರ ಹೇಳಲಿಕ್ಕಾಗಲಿಲ್ಲ. ಯಾಕಂದರೆ ಅದರ ಉತ್ತರವು ನನ್ನ ಮೇಜಿನ ಮೇಲೆಯೇ ತೆರೆದು ಬಿದ್ದಿತ್ತು. ಇಂಥದೇ ವಹಿಗಳಿಂದ ಗೊತ್ತಾಯಿತಮ್ಮಾ, ಎಂದು ನಾನು ಕಟ್ಟಕಡೆಗೆ ಹೇಳಿದೆನು. ಆ ದಿನ ತರಗತಿಯಲ್ಲಿ ಹೇಳಲು ಸಮಯ ಸಾಲದೆ ಹೋದ ಮಾತನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಜರ್ಮನಿಯ ಯೆಹೂದ್ಯರು ನೆರೆಹೊರೆಯವರ ಭಾಷೆಯನ್ನೇ ಆಡುತ್ತಿದ್ದರು, ಅವರಂಥದೇ ಉಡುಪನ್ನು ಧರಿಸುತ್ತಿದ್ದರು, ಅವರ ಮಕ್ಕಳು ಇತರರ ಮಕ್ಕಳ ಸಂಗಡ ಒಂದೇ ಹಲಗೆಯ ಮೇಲೆ ಕುಳಿತು ಓದುತ್ತಿದ್ದರು. ಮುಖವನ್ನು ನೋಡಿ ಅವರನ್ನು ಬೇರ್ಪಡಿಸುವದು ಅಸಾಧ್ಯವಾಗಿತ್ತು. ಆದುದರಿಂದ ಸರಕಾರವು ಕಾಗದದ ಮೊರೆಹೊಕ್ಕಿತು. 1933ನೇ ಇಸವಿಯ ಏಪ್ರಿಲ್ 7ರಂದು ಹೊರಟ ಒಂದು ಕಾನೂನಿನಿಂದ ಯೆಹೂದ್ಯ ನೌಕರರನ್ನೂ ಉಪಾಧ್ಯಾಯರನ್ನೂ ಸರಕಾರಿ ಕೆಲಸದಿಂದ ತೆಗೆದುಹಾಕಲಾಯಿತು. ಅದೇ ತಿಂಗಳಿನ 25ರಂದು ಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ಯೆಹೂದ್ಯ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿಯನ್ನು ಹಾಕಲಾಯಿತು. ತಾನು ಯೆಹೂದ್ಯನಲ್ಲವೆಂದು ತೋರಿಸಬೇಕಾದ ಪ್ರತಿಯೊಬ್ಬನು ತನ್ನ ತಾತಮುತ್ತಾತಂದಿರ ಜನನದ ದಾಖಲೆಗಳನ್ನು ತರಬೇಕಾಗಿತ್ತು. ಆ ದಾಖಲೆಗಳು ಎಲ್ಲಿದ್ದವು? ಬಹುಮಟ್ಟಿಗೆ ದೇವಾಲಯಗಳ ದೀಕ್ಷಾಸ್ನಾನದ ಪುಸ್ತಕಗಳಲ್ಲಿ. ಮಗುವಿಗೆ ಆಶೀರ್ವಾದವಾಗಲೆಂದು ಬರೆಯಲ್ಪಟ್ಟಿದ್ದ ಆ ಪುಸ್ತಕಗಳಿಂದ ಸಭಾಪಾಲಕರು ಹಗಲಿರುಳು ನಕಲುಗಳನ್ನು ತೆಗೆದುಕೊಟ್ಟರು. ಅವರಲ್ಲಿ ಬಹುಮಂದಿ ಕ್ರೂರಿಗಳಾಗಿರಲಿಲ್ಲ. ಕೇಳಿದ ಪತ್ರವನ್ನು ಕೊಡುವದು ತಮ್ಮ ಕೆಲಸವೆಂದು ತಿಳಿದಿದ್ದರು. ಕ್ರೈಸ್ತರಾದ ನಾವು ಈ ಸಂಗತಿಯನ್ನು ತಲೆತಗ್ಗಿಸಿ ಓದಬೇಕಾಗಿದೆ.

1938ರ ಆಗಸ್ಟಿನಲ್ಲಿ ಇನ್ನೊಂದು ಆಜ್ಞೆಯಾಯಿತು. ಹೆಸರಿನಿಂದ ಯೆಹೂದ್ಯರೆಂದು ತಿಳಿಯದಿದ್ದವರಲ್ಲಿ ಗಂಡಸರು ತಮ್ಮ ಹೆಸರಿಗೆ ಇಸ್ರಾಯೇಲ್ ಎಂದೂ, ಹೆಂಗಸರು ಸಾರಾ ಎಂದೂ 1939ರ ಜನವರಿ 1ರಿಂದ ಸೇರಿಸಿಕೊಳ್ಳತಕ್ಕದ್ದೆಂದು ಅದರಲ್ಲಿತ್ತು. ನಮ್ಮ ಮನೆಗಳಲ್ಲಿ ಸಾರಾ ಎಂಬದು ಮುದ್ದಿನ ಹೆಸರು. ಅಲ್ಲಿ ಅದೇ ಹೆಸರನ್ನು ಅವಮಾನದ ಮುದ್ರೆಯನ್ನಾಗಿ ಮಾಡಿದರು. ಅದೇ ಅಕ್ಟೋಬರಿನಿಂದ ಅವರ ಪರದೇಶ ಪ್ರಯಾಣದ ರಹದಾರಿಗಳ ಮೇಲೆ ಜೆ ಎಂಬ ಕೆಂಪಕ್ಷರವನ್ನು ಒತ್ತಲಾಯಿತು. 1938ರ ನವೆಂಬರ್ 15ರಂದು ಯೆಹೂದ್ಯ ಮಕ್ಕಳು ಇನ್ನು ಜರ್ಮನ್ ಶಾಲೆಗಳಿಗೆ ಬರಕೂಡದೆಂಬ ಆಜ್ಞೆಯು ಹೊರಟಿತು. ಕಡೆಗೆ 1942ರ ಜೂನ್ ತಿಂಗಳ ಕೊನೆಯಲ್ಲಿ ಯೆಹೂದ್ಯರವೇ ಆಗಿದ್ದ ಶಾಲೆಗಳನ್ನು ಕೂಡ ಮುಚ್ಚಿಸಿದರು.

ನಾನು ಪ್ರಧಾನೋಪಾಧ್ಯಾಯಿನಿಯಾದ ಕಾರಣ ಆ ನವೆಂಬರ್ ದಿನದ ವಿಚಾರವು ನನ್ನನ್ನು ಬಿಡಲೊಲ್ಲದು. ಆ ಆಜ್ಞೆಯು ತಲುಪಿದ ಮರುದಿನ ಬೆಳಿಗ್ಗೆ ಒಂದೊಂದು ಶಾಲೆಯಲ್ಲಿಯೂ ಒಬ್ಬರು ವಹಿಯನ್ನು ತೆರೆದಿರಬೇಕು, ಧರ್ಮವೆಂಬ ಮನೆಯ ಮೇಲೆ ಬೆರಳಿಟ್ಟು ಕೆಳಗೆ ಇಳಿಸಿರಬೇಕು, ಹೆಸರುಗಳನ್ನು ಹೊಡೆದುಹಾಕಿರಬೇಕು. ಬಿಟ್ಟ ಕಾರಣವೆಂಬ ಮನೆಯಲ್ಲಿ ಅವರು ಏನೆಂದು ಬರೆದಿರಬಹುದು? ನಾನು ಪ್ರತಿ ವರ್ಷವೂ ಜೂನ್ ತಿಂಗಳಲ್ಲಿ ತುಂಬಿಸುವ ಮನೆಗಳು ಅವೇ ಆಗಿವೆ.

ಹೀಗೆ ಪೀಡಕರ ಕೈಯಲ್ಲಿ ದಾಖಲೆಯು ಬಲೆಯಾಯಿತು. ಆದರೆ ಪೀಡಿತರು ಕೂಡ ದಾಖಲೆಗಳನ್ನಿಟ್ಟರು; ಈ ಸಂಗತಿಯು ನಮ್ಮ ಪಾಠದ ಪುಸ್ತಕಗಳಲ್ಲಿ ಬರುವದಿಲ್ಲ. ಪೋಲೆಂಡ್ ದೇಶದ ರಾಜಧಾನಿಯಾದ ವಾರ್ಸಾ ಪಟ್ಟಣದಲ್ಲಿ ಯುದ್ಧಕ್ಕೆ ಪೂರ್ವದಲ್ಲಿ ಮೂರರಲ್ಲಿ ಸುಮಾರು ಒಂದು ಪಾಲು ಜನರು ಯೆಹೂದ್ಯರಾಗಿದ್ದರು. ಅವರಲ್ಲಿ ದರ್ಜಿಗಳು, ಬಡಗಿಗಳು, ವೈದ್ಯರು, ಪತ್ರಿಕಾಕರ್ತರು, ಬೀದಿಯ ವ್ಯಾಪಾರಿಗಳು ಎಲ್ಲರೂ ಇದ್ದರು. ಶುಕ್ರವಾರದ ಸಂಜೆಗೆ ಮನೆಯ ತಾಯಿಯು ಸಬ್ಬತ್ತಿನ ದೀಪವನ್ನು ಹಚ್ಚುತ್ತಿದ್ದಳು. ಬಡವನಾದರೂ ಮಗನಿಗೆ ಅಕ್ಷರ ಕಲಿಸದ ತಂದೆಯು ಅಪರೂಪ. 1940ರ ನವೆಂಬರಿನಲ್ಲಿ ಈ ಜನರನ್ನೆಲ್ಲ ಒಂದು ಗೋಡೆಯೊಳಗೆ ಕೂಡಿಹಾಕಿ ಬಾಗಿಲನ್ನು ಭದ್ರಪಡಿಸಿದರು. ಹಸಿವೂ ಜ್ವರವೂ ಒಳಗೆ ಹೊಕ್ಕವು.

ಆ ಗೋಡೆಯೊಳಗೆ ಎಮಾನುಯೆಲ್ ರಿಂಗೆಲ್‌ಬ್ಲುಮ್ ಎಂಬ ಇತಿಹಾಸಕಾರನಿದ್ದನು. ಮೊದಲು ಶಾಲೆಯಲ್ಲಿ ಇತಿಹಾಸ ಕಲಿಸಿದವನು. ಅವನು ಸುಮಾರು 60 ಮಂದಿಯನ್ನು ಗುಪ್ತವಾಗಿ ಕೂಡಿಸಿ, ತಮ್ಮ ಜನರು ಹೇಗೆ ಬದುಕುತ್ತಿದ್ದಾರೆ, ಹೇಗೆ ಸಾಯುತ್ತಿದ್ದಾರೆಂಬದನ್ನು ಬರೆದಿಡುವ ಕೆಲಸವನ್ನು ಕೈಕೊಂಡನು. ಅವರು ಕೂಡಿಸಿದ್ದೇನು? ದಿನಚರಿಗಳು, ಪತ್ರಗಳು, ರೇಶನ್ ಚೀಟಿಗಳು, ಗೋಡೆಗೆ ಹಚ್ಚಿದ ಜಾಹೀರಾತುಗಳು, ಮಿಠಾಯಿ ಸುತ್ತಿದ ಕಾಗದಗಳು, ಶಾಲೆಯ ಮಕ್ಕಳು ಬರೆದ ನಿಬಂಧಗಳು. ದೊಡ್ಡವರ ಮಾತಿನಷ್ಟೇ ಮಗುವಿನ ನಿಬಂಧವೂ ಸಾಕ್ಷ್ಯವೆಂದು ಅವರು ಎಣಿಸಿದರು. ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ತಮ್ಮವರೇ ಆದ ಯೆಹೂದ್ಯ ಪೋಲೀಸರ ನಿರ್ದಯತೆಯನ್ನೂ, ತಮ್ಮವರೇ ತೆಗೆದುಕೊಂಡ ಲಂಚವನ್ನೂ ಅವರು ಮುಚ್ಚಿಡಲಿಲ್ಲ. ಸಾಯಲಿರುವವರು ಕೂಡ ತಮ್ಮ ಕಡೆಯ ತಪ್ಪನ್ನು ಬರೆದಿಟ್ಟರು.

1942ರ ಜುಲೈ 22ರಿಂದ ಸಪ್ಟೆಂಬರಿನ ವರೆಗೆ ಎರಡೂವರೆ ಲಕ್ಷಕ್ಕೂ ಮಿಕ್ಕಿದ ಜನರನ್ನು ಅಲ್ಲಿಂದ ಟ್ರೆಬ್ಲಿಂಕಾ ಎಂಬ ವಧಾಸ್ಥಾನಕ್ಕೆ ರೈಲಿನಲ್ಲಿ ಸಾಗಿಸಿದರು. ಆಗಸ್ಟ್ ತಿಂಗಳ ಮೊದಲಲ್ಲಿ ಇಸ್ರಾಯೆಲ್ ಲಿಖ್ಟೆನ್‌ಸ್ಟೈನ್ ಎಂಬ ಶಾಲಾ ಉಪಾಧ್ಯಾಯನು ಇಬ್ಬರು ತರುಣರ ಸಹಾಯದಿಂದ ಕಾಗದಗಳನ್ನು ಹತ್ತು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ ಒಂದು ಶಾಲೆಯ ನೆಲಮಾಳಿಗೆಯಲ್ಲಿ ಹೂಳಿದನು. ಅವುಗಳ ಜೊತೆಗೆ ತನ್ನ ಒಂದು ಮರಣಶಾಸನವನ್ನೂ ಇಟ್ಟನು. ಅದರಲ್ಲಿ ತನಗಾಗಿ ಕೀರ್ತಿಯನ್ನು ಬೇಡಲಿಲ್ಲ. ಚಿತ್ರಕಲಾವಿದಳಾದ ತನ್ನ ಹೆಂಡತಿ ಗೆಲೆಯ ಹೆಸರೂ, ಎರಡು ವರ್ಷವೂ ತುಂಬದ ತನ್ನ ಮಗಳು ಮಾರ್ಗಾಲಿತಳ ಹೆಸರೂ ಲೋಕದ ನೆನಪಿನಲ್ಲಿ ಉಳಿಯಲೆಂದು ಮಾತ್ರ ಬೇಡಿಕೊಂಡನು. 1943ರ ಫೆಬ್ರವರಿಯಲ್ಲಿ ಉಳಿದ ಕಾಗದಗಳಲ್ಲಿ ಒಂದು ಭಾಗವನ್ನು ಎರಡು ದೊಡ್ಡ ಹಾಲಿನ ಕ್ಯಾನುಗಳಲ್ಲಿ ಹೂಳಲಾಯಿತು. ಆ ಉಪಾಧ್ಯಾಯನೂ ಹೆಂಡತಿಯೂ ಮಗುವೂ ಬದುಕಲಿಲ್ಲ. ರಿಂಗೆಲ್‌ಬ್ಲುಮನನ್ನು 1944ರ ಮಾರ್ಚಿನಲ್ಲಿ ಹೆಂಡತಿ ಮಗನ ಸಹಿತ ಕೊಂದರು. ಕಾಗದ ಕೂಡಿಸಿದವರಲ್ಲಿ ಮೂವರೇ ಉಳಿದರು. ಅವರು ತೋರಿಸಿದ ಜಾಡಿನಿಂದ 1946ರ ಸಪ್ಟೆಂಬರ್ 18ರಂದು ಇಟ್ಟಿಗೆ ಮಣ್ಣಿನ ರಾಶಿಯ ಕೆಳಗೆ ಆ ಹತ್ತು ಪೆಟ್ಟಿಗೆಗಳು ಸಿಕ್ಕವು. 1950ರ ಡಿಸೆಂಬರ್ 1ರಂದು ಹಾಲಿನ ಕ್ಯಾನುಗಳು ಸಿಕ್ಕವು. ಮೂರನೆಯ ಗಂಟು ಇನ್ನೂ ಸಿಕ್ಕಿಲ್ಲ. ಸುಮಾರು 35,000 ಪುಟಗಳು ಉಳಿದುಬಂದಿವೆ. ಮಾರ್ಗಾಲಿತಳ ಹೆಸರನ್ನು ಈಗ ನಾನು ಕೊಪ್ಪಳ ಸೀಮೆಯ ಒಂದು ಶಾಲೆಯ ಸಂಚಿಕೆಯಲ್ಲಿ ಬರೆಯುತ್ತಿರುವೆನಾದರೆ ಅದು ಆ ತಂದೆಯ ಪೆಟ್ಟಿಗೆಯಿಂದ ಬಂದ ಹೆಸರು.

ನಮ್ಮ ಬಾಲಿಕೆಯರು ಆನ್ ಫ್ರಾಂಕ್ ಎಂಬವಳ ಹೆಸರನ್ನು ಬಲ್ಲರು. ಅಡಗುದಾಣದಲ್ಲಿ ದಿನಚರಿಯನ್ನು ಬರೆದು, 1945ರಲ್ಲಿ 15 ವರ್ಷದವಳಾಗಿ ಸೆರೆಶಿಬಿರದಲ್ಲಿ ತೀರಿಹೋದವಳು ಅವಳು. ಆದರೆ 1944ರ ಆಗಸ್ಟ್ 4ರಂದು ಅವಳನ್ನು ಹಿಡಿದೊಯ್ದ ಮೇಲೆ ನೆಲದ ಮೇಲೆ ಚೆಲ್ಲಾಡಿದ್ದ ಹಾಳೆಗಳನ್ನು ಕೂಡಿಸಿ ಇಟ್ಟವಳು ಮೀಪ್ ಗೀಸ್ ಎಂಬ ಕಚೇರಿಯ ನೌಕರಳು. ಹುಡುಗಿಯು ತಿರುಗಿ ಬಂದಾಗ ಕೊಡಬೇಕೆಂದು ಅವಳು ಅವುಗಳನ್ನು ಓದದೆ ಮೇಜಿನ ಖಾನೆಯಲ್ಲಿ ಕಾದಿಟ್ಟಳು. ಬರೆಯುವವರು ಎಷ್ಟು ಅವಶ್ಯವೋ ಕಾದಿಡುವವರೂ ಅಷ್ಟೇ ಅವಶ್ಯ. ಈಗ ಜರ್ಮನಿಯ ಆರೋಲ್ಸನ್ ಎಂಬ ಊರಿನ ದಫ್ತರಖಾನೆಯಲ್ಲಿ ಪೀಡಿತರನ್ನು ಕುರಿತ ಸುಮಾರು 3 ಕೋಟಿ ಕಾಗದಗಳಿವೆ. ಯೆರೂಸಲೇಮಿನ ಯಾದ್ ವಾಶೆಮ್ ಸಂಸ್ಥೆಯವರು ಮಡಿದವರ ಪೈಕಿ 48 ಲಕ್ಷಕ್ಕೂ ಮಿಕ್ಕಿದ ಹೆಸರುಗಳನ್ನು ಕೂಡಿಸಿದ್ದಾರೆ. ಅವುಗಳಲ್ಲಿ ಬಹಳಷ್ಟು ಹೆಸರುಗಳು ಸರಕಾರಿ ಕಾಗದದಿಂದಲ್ಲ, ಬಂಧುಗಳೋ ನೆರೆಯವರೋ ಒಂದೊಂದು ಹಾಳೆಯ ಮೇಲೆ ತಮ್ಮ ಕೈಯಾರೆ ಬರೆದುಕೊಟ್ಟ ಸಾಕ್ಷ್ಯದಿಂದ ಬಂದವುಗಳು.

ಇದೆಲ್ಲವೂ ಸಮುದ್ರದಾಚೆಯ ಮಾತಾಯಿತಲ್ಲ, ಎಂದು ವಾಚಕರು ಹೇಳಬಹುದು. ಆ ಸಂಕಟದ ಒಂದು ತುಣುಕು ನಮ್ಮ ನಾಡಿನ ವರೆಗೂ ಬಂದಿತ್ತು. 1933ರಲ್ಲಿ ಯೆಹೂದ್ಯನೆಂಬ ಕಾರಣದಿಂದ ಗಟ್ಟಿಂಗೆನ್ ವಿಶ್ವವಿದ್ಯಾಲಯದ ಕೆಲಸವನ್ನು ಕಳಕೊಂಡ ಮಾಕ್ಸ್ ಬಾರ್ನ್ ಎಂಬ ಭೌತಶಾಸ್ತ್ರಜ್ಞನನ್ನು ಸರ್ ಸಿ. ವಿ. ರಾಮನ್ನರು 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಕರೆಯಿಸಿಕೊಂಡರು. ಅವರನ್ನು ಅಲ್ಲಿಯೇ ಖಾಯಂ ಆಗಿ ಇಟ್ಟುಕೊಳ್ಳಬೇಕೆಂದು ರಾಮನ್ನರು ಪ್ರಯತ್ನಿಸಿದಾಗ, ಅಲ್ಲಿಯ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕನು ಸಭೆಯಲ್ಲಿ ಎದ್ದು, ತನ್ನ ದೇಶದಿಂದ ಹೊರದೂಡಲ್ಪಟ್ಟ ಎರಡನೆಯ ತರಗತಿಯ ಪರದೇಶಿಯು ತಮಗೆ ಸಾಲದೆಂಬ ಅರ್ಥದ ಮಾತನ್ನು ಆಡಿದನು. ಆ ಸಂಜೆ ಮನೆಗೆ ಹೋಗಿ ಹೆಂಡತಿಯ ಮುಂದೆ ತಾನು ಅತ್ತೆನೆಂದು ಬಾರ್ನರು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಅದೇ ವ್ಯಕ್ತಿಗೆ 1954ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಸಭೆಯ ನಡವಳಿ ಪುಸ್ತಕಗಳಲ್ಲಿ ಕಣ್ಣೀರನ್ನು ಬರೆಯುವ ಪದ್ಧತಿಯಿಲ್ಲ. ಅವರು ತಾವೇ ಬರೆಯದೆ ಹೋಗಿದ್ದರೆ ಬೆಂಗಳೂರಿನ ಆ ಸಂಜೆಯು ಯಾರಿಗೂ ತಿಳಿಯುತ್ತಿರಲಿಲ್ಲ.

ಬಾರ್ನರ ಸೋದರಳಿಯನಾದ ಆಟೋ ಕೋನಿಗ್ಸ್‌ಬರ್ಗರ್ ಎಂಬ ಶಿಲ್ಪಿಯೂ 1933ರಲ್ಲಿ ಬರ್ಲಿನ್ನಿನ ಸರಕಾರಿ ಕೆಲಸವನ್ನು ಕಳಕೊಂಡು, ಈಜಿಪ್ಟಿನಲ್ಲಿ ಕೆಲಕಾಲವಿದ್ದು, 1939ರಲ್ಲಿ ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಶಿಲ್ಪಿಯಾಗಿ ಬಂದನು. ವಿಜ್ಞಾನ ಮಂದಿರದ ವಿಮಾನ ವಿದ್ಯೆಯ ವಿಭಾಗದ ಕಟ್ಟಡವು ಅವನ ಕೈಕೆಲಸ. ಒಂದು ದೇಶವು ಬೇಡವೆಂದು ಹೊರಗೆ ಹಾಕಿದವನು ಇನ್ನೊಂದು ದೇಶದ ಮಕ್ಕಳಿಗೆ ವಿದ್ಯಾಶಾಲೆಯನ್ನು ಕಟ್ಟಿಕೊಟ್ಟನು. ಪದವಿಯುಳ್ಳವರಾದ ಕಾರಣ ಈ ಇಬ್ಬರ ಕಥೆಗಳು ಉಳಿದವು. ಪದವಿಯಿಲ್ಲದವರ ಕಥೆಗಳು ಯಾರ ಆಶ್ರಯದಿಂದ ಉಳಿಯಬೇಕು? ಈ ಪ್ರಶ್ನೆಯೇ ನನ್ನನ್ನು ಬೆಂಗಳೂರಿನಿಂದ ನಮ್ಮ ಊರುಗಳಿಗೆ ಹಿಂದಿರುಗಿಸುತ್ತದೆ.

ನಮ್ಮ ಸೀಮೆಯಾದರೋ ಬರೆದಿಡುವದರಲ್ಲಿ ಹಿಂದೆ ಬಿದ್ದ ಸೀಮೆಯಲ್ಲ. ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಪೂರ್ವದ ಕೊಪಣವು ಜೈನರ ಮಹಾತೀರ್ಥವಾಗಿದ್ದು, ವ್ರತದಿಂದ ದೇಹಬಿಟ್ಟವರ ಹೆಸರುಗಳನ್ನು ಅಲ್ಲಿ ಕಲ್ಲಿನಲ್ಲಿ ಕೆತ್ತಿದ್ದಾರೆ. ಇಟಗಿಯ ಮಹಾದೇವ ದೇವಾಲಯದ ಶಾಸನವು ಅದನ್ನು ಕಟ್ಟಿಸಿದ ದಂಡನಾಯಕನ ಹೆಸರನ್ನು 900 ವರ್ಷಗಳಿಂದ ಹೇಳುತ್ತ ಬಂದಿದೆ. ಊರ ದನಗಳನ್ನು ಕಾಯಲು ಹೋಗಿ ಮಡಿದ ಸಾಮಾನ್ಯನಿಗೂ ನಮ್ಮ ಹಿರಿಯರು ವೀರಗಲ್ಲನ್ನು ನಿಲ್ಲಿಸಿದರು. ಹೀಗಿದ್ದಾಗ್ಯೂ ನಮ್ಮ ಅಜ್ಜಿಯರು ಕಣ್ಣಾರೆ ಕಂಡ ಒಂದು ವರ್ಷಕ್ಕೆ ನಾವು ಕಲ್ಲನ್ನೂ ನಿಲ್ಲಿಸಿಲ್ಲ, ಕಾಗದವನ್ನೂ ಬರೆದಿಲ್ಲ.

ಆ ವರ್ಷವು ಯಾವದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಈ ನಾಲ್ಕೂ ತಾಲೂಕುಗಳು ಆಗ ಹೈದರಾಬಾದ ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿದ್ದವು. 1947ರ ಆಗಸ್ಟ್ 15ರಂದು ದೇಶವು ಸ್ವತಂತ್ರವಾದಾಗ ನಿಜಾಮರು ಭಾರತಕ್ಕೆ ಸೇರಲೊಪ್ಪಲಿಲ್ಲ. ಕಾಸಿಮ್ ರಜ್ವಿಯ ಮುಂದಾಳುತನದಲ್ಲಿ ರಜಾಕಾರರ ಹಾವಳಿಯು ಹಳ್ಳಿಹಳ್ಳಿಗೆ ಹಬ್ಬಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳ ಮುಂದಾಳುತನದಲ್ಲಿಯೂ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಮುಂದಾಳುತನದಲ್ಲಿಯೂ ಹೋರಾಟದ ಶಿಬಿರಗಳು ನಡೆದವು. ಅನೇಕ ಕುಟುಂಬಗಳು ಮನೆಮಾರು ಬಿಟ್ಟು ಗಡಿಯಾಚೆಗೆ ಹೋದವು; ಗಂಗಾವತಿಯ ಕಡೆಯವರಿಗೆ ತುಂಗಭದ್ರೆಯ ಆಚೆಯ ದಂಡೆಯೇ ಪರರಾಜ್ಯವಾಗಿತ್ತು. ಭಾರತಕ್ಕೆ ಸೇರಬೇಕೆಂದು ಬರೆದ ಇಮ್ರೋಜ್ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನನನ್ನು 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಂದರು. ಆ ಮುಸಲ್ಮಾನ ತರುಣನು ರಜಾಕಾರರ ವಿರುದ್ಧ ಲೇಖನಿಯನ್ನು ಎತ್ತಿದವನು. 1948ರ ಸಪ್ಟೆಂಬರ್ 13ರಂದು ಭಾರತದ ದಂಡು ಒಳಹೊಕ್ಕಿತು. 17ರಂದು ನಿಜಾಮರು ಸೋಲನ್ನೊಪ್ಪಿಕೊಂಡರು.

ನಮ್ಮ ಭಾಷಣಗಳು ಇಲ್ಲಿಗೆ ಮುಗಿಯುತ್ತವೆ. ಸಂಗತಿಯು ಇಲ್ಲಿಗೆ ಮುಗಿಯಲಿಲ್ಲ. ಆ ದಿನಗಳಲ್ಲಿಯೂ ಅನಂತರದ ವಾರಗಳಲ್ಲಿಯೂ ರಜಾಕಾರರ ತಪ್ಪಿಗಾಗಿ ಏನೂ ಅರಿಯದ ಸಾವಿರಾರು ಮುಸಲ್ಮಾನ ಕುಟುಂಬಗಳು ದಂಡವನ್ನು ತೆತ್ತವು. ಭಾರತ ಸರಕಾರವು ಪಂಡಿತ ಸುಂದರಲಾಲರನ್ನೂ ಅವರ ಸಂಗಡಿಗರನ್ನೂ ಕಳುಹಿಸಲು, ಅವರು 1948ರ ನವೆಂಬರ್ ಡಿಸೆಂಬರುಗಳಲ್ಲಿ ಸಂಸ್ಥಾನದ ಜಿಲ್ಲೆಗಳಲ್ಲಿ ಸಂಚರಿಸಿ, ಕಡಮೆಯೆಂದರೂ 27,000ದಿಂದ 40,000 ಜನರು ಪ್ರಾಣ ಕಳಕೊಂಡಿರಬೇಕೆಂದು ವರದಿಮಾಡಿದರು. ಬೀದರ, ಗುಲ್ಬರ್ಗಾ, ಉಸ್ಮಾನಾಬಾದ, ನಾಂದೇಡ ಜಿಲ್ಲೆಗಳು ಹೆಚ್ಚಾಗಿ ನೊಂದವುಗಳೆಂದು ಅದರಲ್ಲಿದೆ. ತಮ್ಮ ನೆರೆಯ ಮುಸಲ್ಮಾನರನ್ನು ಪ್ರಾಣಕ್ಕೆ ಹೆದರದೆ ಕಾಪಾಡಿದ ಹಿಂದುಗಳ ಮಾತೂ ಅದೇ ವರದಿಯಲ್ಲಿದೆ. ಆ ವರದಿಯು ದೀರ್ಘಕಾಲ ಬೆಳಕಿಗೆ ಬಾರದೆ, ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ 2013ರಲ್ಲಿ ಓದುಗರಿಗೆ ದೊರೆಯಿತು. ಅಷ್ಟರಲ್ಲಿ ಸಾಕ್ಷಿಗಳಲ್ಲಿ ಬಹುಮಂದಿ ಮಣ್ಣು ಸೇರಿದ್ದರು.

ಯುರೋಪಿನ ಸಂಹಾರಕ್ಕೂ ನಮ್ಮಲ್ಲಿಯ ಹಾವಳಿಗೂ ಸರಿಸಮವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವದು ಎರಡಕ್ಕೂ ಅನ್ಯಾಯ. ಒಂದು ಜನಾಂಗವನ್ನೇ ಭೂಮಿಯ ಮೇಲಿಂದ ಅಳಿಸಲು ಒಂದು ಸರಕಾರವು ತನ್ನ ರೈಲು, ಕಚೇರಿ, ವಹಿಗಳನ್ನೆಲ್ಲ ತೊಡಗಿಸಿದ ಆ ಕೃತ್ಯವು ಬೇರೆಯೇ. ನಾನು ಹೇಳುವದು ಇಷ್ಟೇ: ಗೋಡೆಯೊಳಗೆ ಹಸಿದು ಸಾಯುತ್ತಿದ್ದವರು ತಮ್ಮ ಸಾಕ್ಷ್ಯವನ್ನು ಬರೆದಿಟ್ಟರು, ಉಂಡುಟ್ಟು ಶಾಂತಿಯಲ್ಲಿರುವ ನಾವು ನಮ್ಮ ಮನೆಯ ಸಾಕ್ಷ್ಯವನ್ನು ಬರೆದಿಟ್ಟಿಲ್ಲ.

ಈ ಅಪರಾಧದಲ್ಲಿ ಮೊದಲನೆಯವಳು ನಾನೇ. ನನ್ನ ತಂದೆಯ ತಾಯಿಯು ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯವಳು. ಆ ವರ್ಷ ಹದಿನಾಲ್ಕು ವರ್ಷದ ಸೊಸೆ. ಹಂಚಿನ ಮೇಲಿನ ರೊಟ್ಟಿಯನ್ನು ಮಗುಚದೆ ಬಿಟ್ಟು ಹೊರಟೆವೆಂದೂ, ಸಪ್ಪಳವಾಗದಂತೆ ಬಂಡಿಯ ಎತ್ತುಗಳ ಕೊರಳ ಗಂಟೆಗಳನ್ನು ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡೆನೆಂದೂ, ಗಜೇಂದ್ರಗಡದಲ್ಲಿ ಯಾರೋ ಒಬ್ಬ ಹೆಂಗಸು ಹೆಸರು ಕೇಳದೆ ನೀರು ಕೊಟ್ಟಳೆಂದೂ ಅವಳು ನನಗೆ ಹೇಳಿದ್ದಳು. ನಾನು ಆಗ ಉಪಾಧ್ಯಾಯಿನಿಯ ತರಬೇತಿಯಲ್ಲಿದ್ದೆನು. ಇತಿಹಾಸವನ್ನು ಕಲಿಸುವ ಕ್ರಮದ ಮೇಲೆ ಪರೀಕ್ಷೆಗೆ ಉತ್ತರ ಬರೆಯುತ್ತಿದ್ದೆನು. ಎಷ್ಟು ದಿನ ಅಲ್ಲಿದ್ದಿರಿ, ಯಾರು ಯಾರು ಕೂಡಿ ಹೋದಿರಿ, ತಿರುಗಿ ಬಂದಾಗ ಮನೆಯಲ್ಲಿ ಏನಿತ್ತು, ಎಂದು ಒಂದು ಮಾತನ್ನೂ ಕೇಳಲಿಲ್ಲ. ಅವಳು ತೀರಿಹೋಗಿ ಬಹಳ ವರ್ಷಗಳಾದವು. ನನ್ನಲ್ಲಿ ಉಳಿದಿರುವವು ಈ ಮೂರು ಮಾತುಗಳೇ.

ಕಳೆದ ವರ್ಷ ನಮ್ಮ ಒಬ್ಬ ವಿದ್ಯಾರ್ಥಿನಿಯ ಮನೆಗೆ, ಅವಳು ಶಾಲೆಗೆ ಬಾರದ್ದರಿಂದ ವಿಚಾರಿಸಲು ಹೋಗಿದ್ದೆನು. ಹೊರಸಿನ ಮೇಲೆ ಅವಳ ಮುತ್ತಜ್ಜಿಯು ಕುಳಿತಿದ್ದರು. ಅದು ಸಪ್ಟೆಂಬರ್ ತಿಂಗಳು. ಬೀದಿಯಲ್ಲಿ ಧ್ವಜಾರೋಹಣದ ಸಿದ್ಧತೆಯು ನಡೆದಿತ್ತು. ಆ ಮುದುಕಿಯು, "ಆ ದಿನದಾಗ ನಮ್ಮಪ್ಪ ಹೊಲಕ್ಕ ಹೋದಾಂವ ತಿರಗಿ ಬರಲಿಲ್ಲರಿ. ನಾ ಹೇಳಿದರ ನೀವು ಬರಕೋತೀರೇನ್ರಿ, ಅಕ್ಕೋರ?" ಎಂದು ಕೇಳಿದರು. ಅವರು ಮುಸಲ್ಮಾನರು. ನನ್ನ ಕೈಚೀಲದಲ್ಲಿ ಲೇಖನಿಯೂ ಇತ್ತು, ಹಾಜರಿಯ ಹಾಳೆಗಳೂ ಇದ್ದವು. ಇನ್ನೊಮ್ಮೆ ಬರುತ್ತೇನೆಂದು ಹೇಳಿ ಎದ್ದೆನು. ಆ ಮಾತನ್ನು ನಾನು ಯಾಕೆ ಆಡಿದೆನೆಂಬದು ನನಗೆ ಗೊತ್ತುಂಟು. ನನ್ನ ಅಜ್ಜಿಯ ಕಥೆಯನ್ನು ಕೇಳಲು ಸಭೆ ಕೂಡುವದು; ಆ ಅಜ್ಜಿಯ ಕಥೆಯನ್ನು ಬರೆದರೆ ನಾಲ್ಕು ಜನ ಏನನ್ನುವರೋ ಎಂಬ ಅಂಜಿಕೆಯು ನನ್ನನ್ನು ಎಬ್ಬಿಸಿತು. ತನ್ನವರ ತಪ್ಪನ್ನೂ ಬರೆದಿಟ್ಟ ಆ ಇತಿಹಾಸಕಾರನ ಮುಂದೆ ನಾನು ಎಷ್ಟರವಳು!

ಹಳೆಯ ಗಾಯವನ್ನು ಕೆದಕುವದೇತಕ್ಕೆ ಎಂದು ಕೆಲವು ಹಿರಿಯರು ಆಕ್ಷೇಪಿಸುವರು. ಗಾಯವು ಮಾದಿದ್ದರೆ ಈ ಮಾತು ಸರಿ. ಆದರೆ ಮನೆಯ ಮೂಲೆಯಲ್ಲಿ ಪಿಸುಗುಟ್ಟಿ ಹೇಳಿದ ಕಥೆಯು ತಲೆಮಾರಿನಿಂದ ತಲೆಮಾರಿಗೆ ಬೆಳೆಯುತ್ತ ಹೋಗಿ, ಒಬ್ಬನ ತಪ್ಪು ಒಂದು ಕೇರಿಯ ತಪ್ಪಾಗಿ, ಕೇರಿಯ ತಪ್ಪು ಒಂದು ಧರ್ಮದ ತಪ್ಪಾಗಿ ಮಾರ್ಪಡುವದು. ಬರೆದ ಮಾತಾದರೆ ತನ್ನ ಅಳತೆಯಲ್ಲಿ ನಿಲ್ಲುವದು. ಯಾರು, ಎಲ್ಲಿ, ಎಷ್ಟು ಮಂದಿ ಎಂದು ಕೇಳಲು ಎಡೆಯಿರುವದು. ಮುದುಕರ ನೆನಪು ತಪ್ಪುವದಲ್ಲವೇ ಎಂಬದು ಎರಡನೆಯ ಆಕ್ಷೇಪಣೆ. ತಪ್ಪುವದು ನಿಜವೇ. ಸರಕಾರದ ಕಾಗದವೂ ತಪ್ಪುವದು, ಬೇಕೆಂತಲೇ ಸುಳ್ಳನ್ನೂ ಹೇಳುವದು. ಆದುದರಿಂದಲೇ ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಬೇಕು. ಬಾಲಿಕೆಯರಿಗೆ ಪರೀಕ್ಷೆಯ ಓದು ಸಾಕಷ್ಟಿದೆಯೆಂಬದು ಮೂರನೆಯದು. 1948ರಲ್ಲಿ ಹತ್ತು ವರ್ಷದವಳಾಗಿದ್ದವಳಿಗೆ ಈಗ ತೊಂಬತ್ತು ಸಮೀಪಿಸಿದೆ. ಪರೀಕ್ಷೆಯು ಬರುವ ವರ್ಷವೂ ಇರುವದು.

ಈ ಕೆಲಸಕ್ಕೆ ಕ್ರಮವೂ ಬೇಕು. ಮೊದಲು ಅಜ್ಜಿಯ ಒಪ್ಪಿಗೆಯನ್ನು ಪಡೆಯತಕ್ಕದ್ದು. ಹೇಳಲೊಲ್ಲದ ಮಾತನ್ನು ಹೇಳೆಂದು ಕಾಡತಕ್ಕದ್ದಲ್ಲ. ಅವಳ ಮಾತನ್ನು ಅವಳ ನುಡಿಯಲ್ಲಿಯೇ ಬರೆಯಬೇಕು, ಪುಸ್ತಕದ ಕನ್ನಡಕ್ಕೆ ತಿದ್ದಬಾರದು. ಉರ್ದುವಿನಲ್ಲಿ ಹೇಳಿದರೆ ಉರ್ದುವಿನಲ್ಲಿಯೇ ಇರಲಿ. ಕಣ್ಣಾರೆ ಕಂಡದ್ದು ಯಾವದು, ಕಿವಿಯಾರೆ ಕೇಳಿದ್ದು ಯಾವದು ಎಂಬದನ್ನು ಬೇರೆ ಬೇರೆ ಕೇಳಬೇಕು. ತಾರೀಖು ನೆನಪಿಲ್ಲವೆಂದರೆ ಮಳೆಯನ್ನು ಕೇಳಿರಿ; ದಂಡು ಬಂದದ್ದು ಉತ್ತರಿ ಮಳೆಯಲ್ಲಿ. ಹೊಲದಲ್ಲಿ ಏನು ಬೆಳೆ ನಿಂತಿತ್ತು, ಮನೆಯಲ್ಲಿ ಯಾರು ಬಾಣಂತಿಯಾಗಿದ್ದರು, ಎಂದು ಕೇಳಿರಿ. ಮನೆಯ ಟ್ರಂಕಿನಲ್ಲಿ ಹಳೆಯ ಪತ್ರ, ಪಾವತಿ, ಚಿತ್ರಪಟ ಇದ್ದರೆ ಅದರ ಪ್ರತಿಯನ್ನು ತೆಗೆದುಕೊಂಡು ಮೂಲವನ್ನು ಅವರಿಗೇ ಹಿಂದಕ್ಕೆ ಕೊಡಿರಿ. ಕೆಡುಕು ಮಾಡಿದವನ ಮೊಮ್ಮಕ್ಕಳು ಇಂದು ನಿಮ್ಮ ಪಕ್ಕದಲ್ಲಿ ಕುಳಿತಿರಬಹುದು. ಅವನ ಹೆಸರನ್ನು ಶಾಲೆಯಲ್ಲಿ ಆಡಿ ತಿರುಗಬಾರದು. ನೀರು ಕೊಟ್ಟವರ, ಬಾಗಿಲು ತೆರೆದವರ ಹೆಸರನ್ನಾದರೋ ತಪ್ಪದೆ ಕೇಳಿರಿ. ಆ ಹೆಸರುಗಳೇ ಬೇಗನೆ ಮರೆತುಹೋಗುವವುಗಳು. ಬರೆದದ್ದನ್ನು ಅಜ್ಜಿಗೆ ಓದಿ ಹೇಳಿ, ಒಂದು ಪ್ರತಿಯನ್ನು ಮನೆಯಲ್ಲಿಡಿರಿ, ಒಂದನ್ನು ಶಾಲೆಗೆ ತನ್ನಿರಿ.

ಒಳ್ಳೆಯ ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆಂದು ನಾವು ಈ ಶಾಲೆಯಲ್ಲಿ ಚಿಕ್ಕಂದಿನಿಂದಲೂ ಹೇಳಿಕೊಡುತ್ತೇವೆ. ಕುರಿಗಳನ್ನು ಎಣಿಸುವವರು ಇಬ್ಬರು: ಕಾಯುವವನೂ ಎಣಿಸುವನು, ಕಟುಕನೂ ಎಣಿಸುವನು. ನಮ್ಮ ಕುಷ್ಟಗಿ ಯಲಬುರ್ಗಾದ ಕುರಿಗಾಹಿಗಳ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಬಾಲಿಕೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರವು ಅರ್ಧ ಉತ್ತರವಾಗಿತ್ತು. ವಹಿಯು ತಾನಾಗಿಯೇ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ; ಅದನ್ನು ತೆರೆಯುವವರು ಹೆಸರಿನ ಮೇಲೆ ಬೆರಳಿಡುವರೋ, ಜಾತಿಯ ಮನೆಯ ಮೇಲೆ ಬೆರಳಿಡುವರೋ ಎಂಬದನ್ನು ನೋಡಬೇಕು.

ಈ ಸಂಚಿಕೆಯು ಅಚ್ಚಿಗೆ ಹೋಗುವದಕ್ಕೆ ಮೊದಲು ಪೇಟೆಯಿಂದ ದಪ್ಪ ರಟ್ಟಿನ ಒಂದು ವಹಿಯನ್ನು ತರಿಸಿದ್ದೇನೆ. ಅದರಲ್ಲಿ ಹೆಸರು, ಊರು, ಹೇಳಿದ ಮಾತು, ಕೇಳಿ ಬರೆದವಳ ಹೆಸರು, ಬರೆದ ದಿನ, ಇಷ್ಟೇ ಮನೆಗಳನ್ನು ಹಾಕಿಸಿದ್ದೇನೆ, ಜಾತಿಯ ಮನೆಯಿಲ್ಲ. ಮೊದಲನೆಯ ಹಾಳೆಯಲ್ಲಿ ನನ್ನ ಅಜ್ಜಿಯ ಮೂರು ಮಾತುಗಳನ್ನು ಬರೆದಿದ್ದೇನೆ. ಎರಡನೆಯ ಹಾಳೆಯನ್ನು ಖಾಲಿ ಬಿಟ್ಟಿದ್ದೇನೆ. ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ಆ ಹೊರಸಿನ ಬಳಿಗೆ ಹೋಗಿ, ತಡಮಾಡಿದ್ದಕ್ಕೆ ಆ ಹಿರಿಯಳ ಕ್ಷಮೆಯನ್ನು ಬೇಡಿ, ಅವರು ಹೇಳಿದಷ್ಟನ್ನು ಬರಕೊಂಡು ಬರುವೆನು. ಮೂರನೆಯ ಹಾಳೆಯಿಂದ ಮುಂದಿನವು, ನನ್ನ ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮವು.